ಬೇಕಾದಷ್ಟೇ ತಗೊಳ್ಳುವುದೂ ಪೂಜೆಯೇ



ಗುಡ್ಡ ಏರಿ ದಣಿದು ಬಂದಿದ್ದೀರಿ. ನೆರಳಿಗೆ ಕುಂತು ನಾಲ್ಕು ಮಾತು ಕೇಳಿರಿ.

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ತಾಯಿ ಹಿಗ್ಗಲಿಲ್ಲ. ಹೆಚ್ಚಿನದು ಆಸೆಯ ಅಕ್ಕಿ, ತಂದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ನೆಲಕ್ಕೆ ಬಿದ್ದ ಅಕ್ಕಿಗೇ ಇಷ್ಟು ನೇಮವಿದ್ದರೆ, ಜೀವವಿರುವ ಗಿಡಕ್ಕೆ ಇನ್ನೆಷ್ಟಿರಬೇಕು?

ನಮ್ಮ ಹುಲಸೂರ, ಕಲ್ಯಾಣ, ಹುಮನಾಬಾದ ಸೀಮೆ ಮಲೆನಾಡಲ್ಲ. ಇಲ್ಲಿ ಅಡವಿ ಕಡಿಮೆ. ಆದರೂ ಈ ಕುರುಚಲು ಗುಡ್ಡಗಳೇ ಬಡವರ ಔಷಧದ ಪೆಟ್ಟಿಗೆ. ಜ್ವರಕ್ಕೆ ಅಮೃತಬಳ್ಳಿ, ನೆಗಡಿಗೆ ತುಂಬೆ, ಬಾಣಂತಿಗೆ ಶತಾವರಿ ಬೇರು, ಹೊಟ್ಟೆ ಕೆಟ್ಟರೆ ಬಿಲ್ವದ ಕಾಯಿ, ದಾಸೋಹಕ್ಕೆ ಮುತ್ತಲ ಎಲೆಯ ಪತ್ರಾವಳಿ. ಬೇನೆ ಜೋರಾದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಅದು ಬೇರೆ ಮಾತು.

ಈಗ ಏನಾಗ್ಯಾದ ನೋಡ್ರಿ. ನಾಲ್ಕು ದಳ ಪತ್ರಿಗಾಗಿ ಟೊಂಗೆಯನ್ನೇ ಮುರಿಯುತ್ತಾರೆ. ಬಳ್ಳಿಯನ್ನು ಬುಡಸಹಿತ ಕಿತ್ತು ಚೀಲ ತುಂಬುತ್ತಾರೆ. ಬೀಜ ಉದುರುವ ಮೊದಲೇ ಶತಾವರಿ ಅಗೆಯುತ್ತಾರೆ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ಬೆಂಕಿಗೆ ಸಸಿಗಳು ಸುಡುತ್ತವೆ. ಬೇರೇ ಹೋದ ಮೇಲೆ ಮುಂದಿನ ವರ್ಷ ಚಿಗುರುವುದೇನು?

ಔಷಧಿ ಸಸ್ಯಗಳನ್ನು ಹುಟ್ಟಿದ ನೆಲದಲ್ಲಿಯೇ ಕಾಯಬೇಕೆಂದು 1990ರ ದಶಕದಲ್ಲಿ ಕರ್ನಾಟಕದಲ್ಲಿ 13 ತಾಣಗಳನ್ನು ಆರಿಸಿದರು. ಆಗುಂಬೆ, ಕುದುರೆಮುಖದ ದಟ್ಟ ಕಾಡುಗಳ ಸಾಲಿನಲ್ಲಿ ನಮ್ಮ ಬೀದರ ಜಿಲ್ಲೆಯ ಕರ್ಪಕಪಳ್ಳಿಗೂ ಜಾಗ ಸಿಕ್ಕಿತು. ನಮ್ಮ ಕುರುಚಲು ಅಡವಿಯ ಬೆಲೆ ಇದರಿಂದಲೇ ತಿಳಿಯಬೇಕು. ಆದರೆ ಒಂದು ತಾಣ ಕಾಯ್ದರೆ ಸಾಲದು. ಪ್ರತಿ ಗುಡ್ಡಕ್ಕೂ ಅದರ ಭಕ್ತರೇ ಕಾವಲು.

ಕಾಯುವುದು ಕಷ್ಟವೇನಲ್ಲ. ಪತ್ರಿ ಬಿಡಿಸಿಕೊಳ್ಳಿರಿ, ಟೊಂಗೆ ಮುರಿಯಬೇಡಿರಿ. ಏರಿಸಿದ ಬಿಲ್ವವನ್ನು ತೊಳೆದು ಮತ್ತೆ ಏರಿಸಬಹುದೆಂದು ಹಿರಿಯರೇ ಹೇಳ್ಯಾರ. ಅಮೃತಬಳ್ಳಿಯ ಒಂದು ಗೇಣು ಕಾಂಡ ಸಾಕು, ಬುಡ ಬಿಡಿರಿ. ಆ ತುಂಡನ್ನೇ ಮನೆಯ ಬೇವಿನ ಗಿಡದ ಬುಡಕ್ಕೆ ನೆಟ್ಟರೆ ಹಬ್ಬುತ್ತದೆ, ಮತ್ತೆ ಗುಡ್ಡಕ್ಕೆ ಕೈ ಹಾಕುವ ಕೆಲಸವೇ ಇಲ್ಲ.

ಇಳಿಯುವಾಗ ಒಮ್ಮೆ ನಿಮ್ಮ ಚೀಲ ನೋಡಿಕೊಳ್ಳಿರಿ. ಲಕ್ಕಮ್ಮ ತಾಯಿ ಬಾಗಿಲಲ್ಲಿ ನಿಂತು ಕೇಳಿದರೆ, ಬೇಕಾದಷ್ಟೇ ತಂದೀನಿ ಎನ್ನುವ ಧೈರ್ಯ ನಿಮಗಿರಲಿ.