ಕಾಣದೆಡೆಯ ಕರ್ತವ್ಯ

ಯಾರೂ ನೋಡದ ಎಡೆಯಲ್ಲಿ ಮಾಡುವ ಕೆಲಸಕ್ಕೆ ಪ್ರಮಾಣ ಯಾವುದು? ವಾಚಕರೇ, ಈ ಪ್ರಶ್ನೆಯನ್ನು ಒಂದು ಹಳೆಯ ಕಾರಿನ ತಳಭಾಗದಲ್ಲಿಟ್ಟು ವಿಚಾರಿಸೋಣ.

1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮಾರಿಸ್ ಮೈನರ್ ಕಾರನ್ನು ರೂಪಿಸಿದವರು ಅಲೆಕ್ ಇಸಿಗೋನಿಸ್ ಎಂಬ ತಂತ್ರಜ್ಞರು. ಇದಕ್ಕೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಸ್ ಇಲ್ಲ. ಉಕ್ಕಿನ ತಗಡನ್ನು ಮಡಿಸಿ ಬೆಸೆದ ಒಡಲೇ ಭಾರವನ್ನೆಲ್ಲ ಹೊರುತ್ತದೆ. ಹಿಂದಿನ ಚಕ್ರಗಳ ಕಮಾನುಪಟ್ಟಿಗಳು ಈ ಒಡಲಿನ ತಳಕ್ಕೆ ಸೇರುವ ಎಡೆಗಳು ಕಾರಿನ ಮರ್ಮಸ್ಥಾನಗಳು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕೆಸರಿನೊಡನೆ ತಗಡಿನ ಸಂದುಗಳಲ್ಲಿ ತಂಗಿ, ಒಳಗಿನಿಂದಲೇ ಉಕ್ಕನ್ನು ತಿನ್ನುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಕೆಳಗಿನ ಆಧಾರ ಹಪ್ಪಳದಂತಾಗಿರಬಹುದು.

ದುರಸ್ತಿಗೆ ಎರಡು ಮಾರ್ಗಗಳುಂಟು. ತೂತಿಗೆ ಪುಟ್ಟಿ ಲೇಪ ಮೆತ್ತಿ ಕಪ್ಪು ಬಣ್ಣ ಬಳಿಯುವುದು ಒಂದು. ಶ್ರಮ ಅಲ್ಪ, ಕೊರತೆ ಕಣ್ಣಿಗೆ ಕಾಣದು. ಇನ್ನೊಂದು ದೀರ್ಘವಾದುದು. ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ತೆಗೆದಿಟ್ಟು, ಒಡಲು ಕುಸಿಯದಂತೆ ಊರೆಗೊಟ್ಟು, ಗಟ್ಟಿ ಲೋಹ ಹೊಳೆಯುವವರೆಗೂ ತುಕ್ಕನ್ನು ಕತ್ತರಿಸಬೇಕು. ಅಂಗೈಯಷ್ಟಿದ್ದ ತೂತು ಮೊಳದಷ್ಟಾದೀತು. ದುರಸ್ತಿಗಾರನು ಹಾನಿಯನ್ನೇ ಹೆಚ್ಚಿಸಿದಂತೆ ತೋರೀತು. ಬಳಿಕ ತಕ್ಕ ದಪ್ಪದ ಹೊಸ ಉಕ್ಕನ್ನು ಅಳತೆಗೆ ಮಡಿಸಿ, ಎಡೆಬಿಡದೆ ಬೆಸುಗೆ ಹಾಕಿ, ಪೊಳ್ಳಿನೊಳಗೆ ಮೇಣ ಹಾಯಿಸಬೇಕು.

ಬ್ರಿಟನ್ನಿನ ವಾರ್ಷಿಕ ವಾಹನ ಪರೀಕ್ಷೆಯು ಇಂತಹ ಆಧಾರಸ್ಥಾನದಿಂದ 30 ಸೆಂಟಿಮೀಟರ್ ಒಳಗಿನ ತುಕ್ಕನ್ನು ಕಟ್ಟುನಿಟ್ಟಾಗಿ ನೋಡುತ್ತದೆ. ಪುಟ್ಟಿಯ ತೇಪೆಯನ್ನು ಒಪ್ಪುವುದಿಲ್ಲ. ಆದರೆ 2018ರ ಮೇ 20ರಿಂದ, ಮೂಲರಚನೆ ಗಣನೀಯವಾಗಿ ಬದಲಾಗದೆ 40 ವರ್ಷ ದಾಟಿದ ಕಾರುಗಳಿಗೆ ಆ ಪರೀಕ್ಷೆ ಕಡ್ಡಾಯವಲ್ಲ. ಮೈನರ್ ಕಾರುಗಳೆಲ್ಲ ಆ ವಯಸ್ಸನ್ನು ದಾಟಿವೆ. ಆದರೂ ವಾಹನವನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಕಾನೂನು ಒಡೆಯನ ಮೇಲೆಯೇ ಉಳಿಸಿದೆ. ವಿನಾಯಿತಿ ಪರೀಕ್ಷೆಗೇ ಹೊರತು ಕರ್ತವ್ಯಕ್ಕಲ್ಲ.

ನನ್ನ ಕಾರು, ನನ್ನ ಇಚ್ಛೆ ಎಂದು ಒಡೆಯನು ವಾದಿಸಬಹುದು. ಆದರೆ ಆಧಾರ ಕಳಚಿ ಕಾರು ದಾರಿ ತಪ್ಪಿದಾಗ ಎದುರಾಗುವ ದಾರಿಹೋಕನು ಆ ಇಚ್ಛೆಗೆ ಒಪ್ಪಿಗೆ ಕೊಟ್ಟವನಲ್ಲ. ಮುಂದೆ ಆ ಕಾರನ್ನು ಕೊಳ್ಳುವವನೂ ಬಣ್ಣವನ್ನೇ ನಂಬುತ್ತಾನೆ. ಪುಟ್ಟಿ ಮೆತ್ತಿದವನು ತುಕ್ಕನ್ನಷ್ಟೇ ಮುಚ್ಚಲಿಲ್ಲ; ಅದನ್ನು ಕಂಡು ಎಚ್ಚರಗೊಳ್ಳುವ ಅವಕಾಶವನ್ನೇ ಪರರಿಂದ ಕಸಿದನು. ತೆರೆದ ತೂತು ಎಚ್ಚರಿಸುತ್ತದೆ. ಮುಚ್ಚಿದ ತೂತು ವಂಚಿಸುತ್ತದೆ.

ಹಾಗಾದರೆ ಬೆಸುಗೆಗೆ ಹಣವಿಲ್ಲದವನ ಗತಿಯೇನು? ಅವನು ಕಾರನ್ನು ನಿಲ್ಲಿಸಿಡಲಿ. ಮಾರುವುದಾದರೆ ತೂತನ್ನು ತೋರಿಸಿಯೇ ಮಾರಲಿ. ಬಡತನ ದೋಷವಲ್ಲ, ಮರೆಮಾಚುವುದು ದೋಷ. ವಾಚಕರೇ, ಪರೀಕ್ಷಕನು ಬಾರದ ದಿನ ನಮ್ಮ ಕೈ ಯಾವುದನ್ನು ಎತ್ತಿಕೊಳ್ಳುತ್ತದೆ, ಕತ್ತರಿಯನ್ನೋ ಪುಟ್ಟಿಯನ್ನೋ, ಎಂಬುದೇ ನಮ್ಮ ಪ್ರಾಮಾಣಿಕತೆಗೆ ಪ್ರಮಾಣ.