ವೆಸ್ಲಿ ಎಂಬ ಹೆಸರು

ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಊರಿನ ಹೆಸರನ್ನು ಮೊದಲ ಸಲ ಕೇಳಿದವರು ನಗುತ್ತಾರೆ. ನಮ್ಮ ಆಡುಮಾತಿನಲ್ಲಿ ಬ್ಲಫ್ ಎಂದರೆ ಬುರುಡೆ. ಇಂಗ್ಲಿಷರಿಗೆ ಅದು ಕಡಿದಾದ ದಿಬ್ಬದ ಅಂಚೂ ಹೌದು. 1902ರಲ್ಲಿ ಈ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸಾಹೇಬರು ಹೋದರು, ಊರಿನ ಹೆಸರು ಉಳಿಯಿತು. ಅದರ ಬಗ್ಗೆ ತಕರಾರು ಎತ್ತಿದವರನ್ನು ನಾವು ಕಂಡಿಲ್ಲ.

ತಕರಾರು ಎದ್ದದ್ದು ಒಂದು ಮಗುವಿನ ಹೆಸರಿನ ಬಗ್ಗೆ. ಆ ಕಡೆಯ ಕ್ರೈಸ್ತ ಕುಟುಂಬವೊಂದು ಮಗನಿಗೆ ವೆಸ್ಲಿ ಎಂದು ಹೆಸರಿಟ್ಟಿತು. ಶಿವನಸಮುದ್ರದ ಬಳಿ ಕಾವೇರಿಗೆ ಕಟ್ಟಿದ ಕಲ್ಲುಕಂಬಗಳ ಹಳೆಯ ಸೇತುವೆಯನ್ನೂ ಜನ ವೆಸ್ಲಿ ಸೇತುವೆ ಎಂದೇ ಕರೆಯುತ್ತಾರೆ; 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ನಮ್ಮವರಲ್ಲೇ ಹಿರಿಯರೊಬ್ಬರು, "ಸುಲ್ತಾನರ ರಾಜ್ಯ ಮುಳುಗಿಸಿದವರ ಹೆಸರು ಮಗುವಿಗೆ ಬೇಕಿತ್ತೆ?" ಎಂದು ಮುಖ ಸಿಂಡರಿಸಿದರು. ಮಾತು ಆ ಮನೆಯವರ ಕಿವಿಗೂ ಬಿತ್ತು.

ಹಿರಿಯರ ನೋವನ್ನು ಸುಳ್ಳೆನ್ನಲಾಗದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ಅವನ ತಮ್ಮ ಆರ್ಥರ್ ಪಟ್ಟಣದ ಆಡಳಿತ ವಹಿಸಿಕೊಂಡು, ಟಿಪ್ಪುವಿನ ದರಿಯಾ ದೌಲತ್ತಿನಲ್ಲೇ ವಾಸ ಮಾಡಿದ. 1804ರಲ್ಲಿ ಪೂರ್ಣಯ್ಯನವರು ಅಲ್ಲಿ ಕಟ್ಟಿಸಿದ ಸೇತುವೆಗೂ ಅಣ್ಣನ ಹೆಸರೇ ಬಂತು.

ಹೆಸರಿನ ಪಾಡು ನೋಡಿ. ಈ ಅಣ್ಣತಮ್ಮಂದಿರ ಅಜ್ಜ ಕಾಲಿ ಮನೆತನದವನು. ಬಂಧುವೊಬ್ಬನ ಆಸ್ತಿಗೆ ವಾರಸುದಾರನಾಗಿ 1728ರಲ್ಲಿ ವೆಸ್ಲಿ ಎಂಬ ಹೆಸರು ತೊಟ್ಟ. ಮೊಮ್ಮಕ್ಕಳ ಕಾಲಕ್ಕೆ, 1798ರ ಸುಮಾರಿಗೆ, ಅದು ವೆಲ್ಲೆಸ್ಲಿ ಎಂದು ಉದ್ದವಾಯಿತು. ನಮ್ಮ ಜನರ ನಾಲಿಗೆ ಅದನ್ನು ಮತ್ತೆ ಮೊಟಕು ಮಾಡಿ ವೆಸ್ಲಿಗೇ ತಂದು ನಿಲ್ಲಿಸಿತು! ಮೂಲದಲ್ಲಿ ಅದರ ಅರ್ಥ ಪಡುವಣ ಬಯಲು. ಮಂಡ್ಯದ ರೈತನಿಗೆ ಇದಕ್ಕಿಂತ ಸಾಧುವಾದ ಹೆಸರು ಬೇಕೆ?

ಆ ಮನೆಯವರ ಮನಸ್ಸಿನಲ್ಲಿದ್ದುದಂತೂ ಸೇನಾಪತಿಯಲ್ಲ, ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ. ಗುಲಾಮಗಿರಿಯ ವಿರುದ್ಧ 1774ರಲ್ಲೇ ಪುಸ್ತಕ ಬರೆದವರು ಅವರು. ಅವರ ಅನುಯಾಯಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದು ಶಾಲೆ ತೆರೆದರು, ಕನ್ನಡ ಅಚ್ಚುಕೂಟ ನಡೆಸಿದರು, 1906ರಲ್ಲಿ ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ಕಟ್ಟಿದರು. ಮಗುವಿನ ಅಜ್ಜಿ ಅಕ್ಷರ ಕಲಿತದ್ದು ಮಿಷನ್ ಶಾಲೆಯಲ್ಲಿ.

ಇಷ್ಟು ಹೇಳಿ ಮುಗಿಸಿದರೆ ನಾವು ಸುಲಭದ ದಾರಿ ಹಿಡಿದಂತೆ. ಹೆಸರು ಆ ಸೇನಾಪತಿಯದೇ ಆಗಿದ್ದರೆ? ಆಗ ಮಗು ಅಪರಾಧಿಯೆ?

ಪ್ರವಾದಿಯವರು (ಸ) ಕೆಟ್ಟ ಅರ್ಥದ ಹೆಸರುಗಳನ್ನು ಬದಲಾಯಿಸಿದ್ದುಂಟು. ಅವಿಧೇಯಳು ಎಂಬ ಅರ್ಥದ ಹೆಸರು ಹೊತ್ತಿದ್ದವಳಿಗೆ ಜಮೀಲಾ ಎಂದು ಹೆಸರಿಟ್ಟರು. ಆದರೆ ಅವರ ಕಡುವೈರಿ ಅಬೂಜಹಲನ ನಿಜನಾಮ ಅಮ್ರ್. ಅದೇ ಹೆಸರಿನ ಅಮ್ರ್ ಬಿನ್ ಆಸ್ ಇಸ್ಲಾಮ್ ಸ್ವೀಕರಿಸಿದ ಮೇಲೂ ಅಮ್ರ್ ಆಗಿಯೇ ಉಳಿದರು. ಅರ್ಥ ನೋಡಲಾಯಿತೇ ಹೊರತು ಆ ಹೆಸರನ್ನು ಹಿಂದೆ ಹೊತ್ತವನು ಯಾರೆಂಬುದನ್ನಲ್ಲ.

ಆರ್ಥರನದೇ ಒಂದು ಪ್ರಸಂಗವಿದೆ. 1800ರ ಸೆಪ್ಟೆಂಬರಿನಲ್ಲಿ ಅವನ ಸೈನ್ಯ ಚನ್ನಗಿರಿಯ ಧೋಂಡಿಯಾ ವಾಘನನ್ನು ಕೊಂದಿತು. ಅಲ್ಲಿ ಸಿಕ್ಕ ಧೋಂಡಿಯಾನ ಪುಟ್ಟ ಮಗ ಸಲಾಬತ್ ಖಾನನನ್ನು ಆರ್ಥರ್ ತನ್ನ ಡೇರೆಗೆ ತಂದು ಸಾಕಿಸಿದ. ದೇಶ ಬಿಡುವಾಗ ಅವನ ಪಾಲನೆಗೆಂದು ಹಣವಿಟ್ಟುಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಇದರಿಂದ ಆರ್ಥರನ ಯುದ್ಧಗಳು ಪುಣ್ಯಕಾರ್ಯಗಳಾಗುವುದಿಲ್ಲ. ಆದರೆ ತಂದೆಯ ಲೆಕ್ಕವನ್ನು ಅವನು ಮಗನ ತಲೆಗೆ ಕಟ್ಟಲಿಲ್ಲ. ನಾವೋ, ರಕ್ತಸಂಬಂಧವೇ ಇಲ್ಲದವನ ಲೆಕ್ಕವನ್ನು ತೊಟ್ಟಿಲಿನಲ್ಲಿರುವ ಕೂಸಿನಿಂದ ಕೇಳುತ್ತಿದ್ದೇವೆ.

2016ರ ಡಿಸೆಂಬರಿನಲ್ಲಿ ಹಿಂದಿ ಚಿತ್ರರಂಗದ ದಂಪತಿ ಮಗನಿಗೆ ತೈಮೂರ್ ಎಂದು ಹೆಸರಿಟ್ಟದ್ದು ನೆನಪಿರಬೇಕು. ಕಬ್ಬಿಣ ಎಂಬ ಅರ್ಥದ ಆ ಹೆಸರಿಗಾಗಿ, ದೆಹಲಿಯಲ್ಲಿ 1398ರಲ್ಲಿ ನಡೆದ ಕೊಲೆ ಸುಲಿಗೆಯನ್ನು ಮುಂದಿಟ್ಟು, ಹಸುಗೂಸಿಗೆ ಶಾಪ ಹಾಕಿದವರಿದ್ದರು. ಅಂದು ಅನ್ಯಾಯ ಅನ್ಯಾಯ ಎಂದು ಕೂಗಿದವರು ನಾವು. ಆ ತಕ್ಕಡಿಯನ್ನು ಬ್ಲಫಿನ ಆ ಮನೆಯ ಮುಂದೆ ಯಾಕೆ ಬದಲಾಯಿಸಬೇಕು?

ಸೇತುವೆಯ ಮಾತು ಬೇರೆ. ಅದಕ್ಕೆ ಹೆಸರಿಡುವುದು ಅಧಿಕಾರಕ್ಕೆ ಸಲ್ಲಿಸುವ ಮರ್ಯಾದೆ. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ದುಡಿದ ಪೂರ್ಣಯ್ಯನವರು ಗೆದ್ದವರ ಹೆಸರನ್ನು ಕಲ್ಲಿನ ಮೇಲೇಕೆ ಇಡಿಸಿದರು ಎಂದು ಕೇಳುವ ಹಕ್ಕು ನಮಗಿದೆ. ಆ ಹಿರಿಯರೂ ಗಟ್ಟಿಯಾಗಿಯೇ ಕೇಳಲಿ. ಅದನ್ನು ಕೇಳಬೇಕಾದ ಜಾಗ ಶ್ರೀರಂಗಪಟ್ಟಣದ ಹೊಳೆಯ ದಡ.