ಏಟು ಕೊಡುವವನ ಯೋಗ್ಯತೆ

ಪರರನ್ನು ತಿದ್ದತಕ್ಕವನು ಎಂಥವನಾಗಿರಬೇಕು? ತಂದೆಗೂ ಗುರುವಿಗೂ ನ್ಯಾಯಾಧೀಶನಿಗೂ ಲೋಕವು ಈ ಅಧಿಕಾರವನ್ನು ಒಪ್ಪಿಸಿರುವುದು. ಆದರೆ ಸ್ಥಾನವು ಅಧಿಕಾರವನ್ನು ಕೊಟ್ಟೀತೇ ಹೊರತು ಯೋಗ್ಯತೆಯನ್ನು ಕೊಡಲಾರದು. ತಿದ್ದುವವನು ಕಠಿನನಾದಷ್ಟೂ ಯೋಗ್ಯನೆಂಬ ಭಾವನೆಯು ನಮ್ಮ ಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಬಹುಕಾಲದಿಂದ ಬೇರೂರಿದೆ. ಇದನ್ನು ಪರೀಕ್ಷಿಸುವುದಕ್ಕೆ ಗ್ರಂಥಗಳಿಗಿಂತ ಮೊದಲು ಕುಲುಮೆಯ ಕಡೆಗೆ ತಿರುಗುವುದು ಲೇಸು. ಏಕೆಂದರೆ ಏಟಿನಿಂದ ರೂಪು ಕೊಡುವ ವಿದ್ಯೆಯು ಕಮ್ಮಾರನದು. ಮಾವಿನಕುರ್ವೆಯಂತಹ ನಮ್ಮ ಕಡಲತೀರದ ಊರುಗಳಲ್ಲಿ ದೋಣಿಯ ಮೊಳೆ, ತೋಟದ ಕತ್ತಿ ಮೊದಲಾದವು ಸುತ್ತಿಗೆಯ ಕೆಳಗೇ ಆಕಾರ ಪಡೆದವು. ಆ ಸುತ್ತಿಗೆಯನ್ನೇ ಮಾಡಬೇಕಾದಾಗ ಎಂತಹ ಲೋಹವನ್ನು ಆರಿಸತಕ್ಕದ್ದು?

ಕಬ್ಬಿಣಕ್ಕೆ ಗಡಸುತನವನ್ನು ತರುವುದು ಅದರೊಳಗಿನ ಇಂಗಾಲ. ಮೆತುಕಬ್ಬಿಣದಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಅದರಿಂದ ಮಾಡಿದ ಸುತ್ತಿಗೆಯ ಮುಖವು ಬೇಗನೆ ಅಣಬೆಯಂತೆ ಹರಡಿಕೊಳ್ಳುವುದು. ಅರವನ್ನು ಮಾಡುವ ಉಕ್ಕಿನಲ್ಲಿ ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಹೆಚ್ಚು ಇಂಗಾಲವುಂಟು. ಅದು ಬೇರೆ ಲೋಹವನ್ನು ತೇಯಬಲ್ಲದು. ಏಟಿಗೆ ಒಡ್ಡಿದರೆ ಮಾತ್ರ ಚೂರು ಸಿಡಿದು ಬಳಿಯಲ್ಲಿ ನಿಂತವನ ಕಣ್ಣನ್ನು ಕಳೆಯಬಲ್ಲದು. ಸುತ್ತಿಗೆಗೆ ತಕ್ಕುದು ಇವುಗಳ ನಡುವಿನದು, ನೂರಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಪಾಲು ಇಂಗಾಲವುಳ್ಳದ್ದು.

ನಮ್ಮ ನಾಡಿನ ಉಕ್ಕು ಲೋಕವಿಖ್ಯಾತವಾದುದು. 1800-1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯಲ್ಲಿ ಉಕ್ಕು ಮಾಡುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿಟ್ಟಿರುವನು. ಯೂರೋಪಿನವರು ಬಳಸಿದ ‘ವೂಟ್ಸ್’ ಎಂಬ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರ ಮತ. ಖಡ್ಗಕ್ಕೆ ಕೀರ್ತಿ ತಂದ ಆ ಉಕ್ಕಿನಲ್ಲಿ ಇಂಗಾಲವು ನೂರಕ್ಕೆ ಒಂದು ಪಾಲನ್ನು ಮೀರಿರುವುದು. ಅದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಸುತ್ತಿಗೆಯ ತಲೆಗೆ ಮಾತ್ರ ಯೋಗ್ಯವಲ್ಲ.

ಲೋಹವನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದ ಉಕ್ಕು ಗಡಸಾಗುವುದು, ಜೊತೆಗೆ ಭಿದುರವೂ ಆಗುವುದು. ಅದನ್ನು ಮತ್ತೆ ಮೆಲ್ಲನೆ ಕಾಯಿಸಿದರೆ ಉಜ್ಜಿದ ಮೈಮೇಲೆ ಒಣಹುಲ್ಲಿನ ಹಳದಿ, ಕಂದು, ನೇರಿಳೆ, ನೀಲಿ ಬಣ್ಣಗಳು ಕ್ರಮವಾಗಿ ಮೂಡುವುವು. ಕಮ್ಮಾರನು ಅವುಗಳನ್ನು ನೋಡಿ ಹದವನ್ನು ನಿಲ್ಲಿಸುವನು. ಅದೂ ಮುಖಕ್ಕೆ ಮಾತ್ರ. ಕಾವು ತೂರುವ ಕಣ್ಣಿನ ಸುತ್ತಲ ಭಾಗವನ್ನು ಮೆತ್ತಗೇ ಉಳಿಸುವನು. ಏಟಿನ ಆಘಾತವನ್ನು ತಾಳತಕ್ಕದ್ದು ಅದು.

ಇಲ್ಲಿ ವಿಚಾರಿಸತಕ್ಕ ತತ್ತ್ವವೊಂದುಂಟು. ಕಾದ ಕಬ್ಬಿಣಕ್ಕೆ ಬೀಳುವ ಏಟು ಅದೇ ಕ್ಷಣದಲ್ಲಿ ಸುತ್ತಿಗೆಗೂ ಬೀಳುವುದು. ಕಬ್ಬಿಣವು ಒಂದು ದಿನ ಕತ್ತಿಯಾಗಿ ಕುಲುಮೆಯಿಂದ ಹೊರಟುಹೋಗುವುದು. ಸುತ್ತಿಗೆಯಾದರೋ ಮರುದಿನದ ಏಟುಗಳಿಗೆ ಅಲ್ಲಿಯೇ ಉಳಿಯುವುದು. ಆದುದರಿಂದ ಕೊಡುವುದಕ್ಕಿಂತ ತಾಳುವುದೇ ಅದಕ್ಕೆ ಮುಖ್ಯವಾದ ಗುಣ. ಮಗನನ್ನು ಗದರಿಸಿದ ತಂದೆಗೆ ಆ ರಾತ್ರಿಯ ನಿದ್ರೆಯಲ್ಲಿ ಕಿಂಚಿತ್ತಾದರೂ ಕೊರತೆಯಾಗದಿದ್ದರೆ, ಅವನ ಕಾಠಿನ್ಯವು ಅರದ ಕಾಠಿನ್ಯವೆಂದು ತಿಳಿಯಬೇಕು. ಅಂಥವನು ಇಂದು ತೇಯುವನು, ನಾಳೆ ಸಿಡಿಯುವನು. ಚೂರು ತಗಲುವುದು ಮನೆಯ ಅತ್ಯಂತ ಎಳೆಯ ಜೀವಕ್ಕೆ. ಹಾಗೆಂದು ತಪ್ಪನ್ನು ತಪ್ಪೆನ್ನಲಾರದೆ ಎಲ್ಲಕ್ಕೂ ಬಾಗುವವನಿಂದಲೂ ಮಕ್ಕಳಿಗೆ ಆಕಾರವು ದೊರೆಯದು. ಗದರಿಸುವ ಮಾತು ದೃಢವಾಗಿರಲಿ. ಮಾತಿನ ಹಿಂದಿರುವ ಹೃದಯವನ್ನು ಮೆತ್ತಗೆ ಉಳಿಸಿಕೊಳ್ಳುವ ಹೊಣೆ ಹಿರಿಯರದು.